ಬರೆಯುವ ಕೈಗೆ ಹಲಾಲ್ ಲೇಖನಿ



ಅಡುಗೆ, ಮಕ್ಕಳ ಪಾಲನೆ, ದೀನಿನ ವಿಚಾರ, ಊರಿನ ಸುದ್ದಿ ಹೀಗೆ ಹಲವು ವಿಷಯಗಳನ್ನು ನಮ್ಮ ಹೆಣ್ಮಕ್ಕಳು ಬ್ಲಾಗ್‌ಗಳಲ್ಲಿ ಬರೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಯಾವ ಸಾಧನದಿಂದ ಬರೆಯುತ್ತಿದ್ದೇವೆ ಎಂದು ಯೋಚಿಸಿದ್ದೇವೆಯೇ?

ಎಷ್ಟೋ ಮನೆಗಳ ಕಂಪ್ಯೂಟರ್‌ನಲ್ಲಿರುವ ಆಫೀಸ್ ತಂತ್ರಾಂಶ ಕೊಂಡದ್ದಲ್ಲ, ಯಾರೋ ನಕಲು ಮಾಡಿ ಹಾಕಿಕೊಟ್ಟದ್ದು. ನೆರೆಮನೆಯ ಮರದ ಹಣ್ಣನ್ನು ಕೇಳದೆ ಕೀಳಬಾರದೆಂದು ಮಕ್ಕಳಿಗೆ ಹೇಳುವ ನಾವು, ಒಡೆಯನ ಅನುಮತಿಯಿಲ್ಲದ ಸೊತ್ತಿನಲ್ಲೇ ಅವರ ಶಾಲಾ ಪ್ರಬಂಧ ಬರೆಸುವುದು ಸರಿಯೇ?

ಹಣವಿಲ್ಲವೆಂಬ ನೆಪ ಇಲ್ಲಿ ನಿಲ್ಲದು. ಲಿಬ್ರೆ ಆಫೀಸ್ ಎಂಬ ತಂತ್ರಾಂಶವನ್ನು ಉಚಿತವಾಗಿ ಬಳಸಲು, ನಕಲು ಮಾಡಿ ಹಂಚಲು, ತಿದ್ದಲು ಅದನ್ನು ತಯಾರಿಸಿದವರೇ ಅನುಮತಿ ಕೊಟ್ಟಿದ್ದಾರೆ. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡು, 2000ದಲ್ಲಿ ಅದರ ಮೂಲ ಸಂಕೇತಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಹಾಗೆ ಬಂದದ್ದು ಓಪನ್ ಆಫೀಸ್. 2010ರಲ್ಲಿ ಅದರಿಂದಲೇ ಲಿಬ್ರೆ ಆಫೀಸ್ ಕವಲೊಡೆಯಿತು. ಬರೆಯಲು ರೈಟರ್, ಮನೆಖರ್ಚಿನ ಲೆಕ್ಕಕ್ಕೆ ಕ್ಯಾಲ್ಕ್ ಇದರಲ್ಲಿವೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಬ್ಬರು ಇಳಿಸಿಕೊಂಡದ್ದನ್ನು ಪೆನ್‌ಡ್ರೈವ್‌ನಲ್ಲಿ ಓಣಿಗೆಲ್ಲ ಹಂಚಬಹುದು, ಅದು ಕಳ್ಳತನವಲ್ಲ.

ಆಳಂದ ತಾಲೂಕಿನ ನಮ್ಮ ಸರಸಂಬಾದಂತಹ ಗಡಿಯ ಊರುಗಳಲ್ಲಿ ಮನೆಮಾತು ಉರ್ದು, ಶಾಲೆಯ ಪಾಠ ಕನ್ನಡ ಆಗಿರುವ ಮಕ್ಕಳಿದ್ದಾರೆ. ಎಡದಿಂದ ಕನ್ನಡ, ಬಲದಿಂದ ಉರ್ದು, ಎರಡನ್ನೂ ಇದರ ಒಂದೇ ಪುಟದಲ್ಲಿ ಬರೆಯಬಹುದು. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಅಜ್ಜಿಯಿಂದ ಕೇಳಿ ಬರೆದಿಟ್ಟ ಮನೆಮದ್ದು ಮೊಮ್ಮಕ್ಕಳಿಗೆ ಓದಲು ಬಾರದಿದ್ದರೆ ನಷ್ಟ ಯಾರಿಗೆ?

ಇದೇನೂ ದೊಡ್ಡ ವಿದ್ಯೆಯಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಿಂದಲೇ ಕಂಪ್ಯೂಟರ್ ಕಲಿಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಿದ್ದಾರೆ.

ಬ್ಲಾಗ್ ಬರೆಯುವ ಸಹೋದರಿಯರಲ್ಲಿ ನನ್ನ ಕೋರಿಕೆ ಎರಡು. ಮೊದಲು ನೀವು ಇದನ್ನು ಬಳಸಿ, ಹೇಗೆ ಹಾಕಿಕೊಳ್ಳಬೇಕು, ಕನ್ನಡ ಹೇಗೆ ಟೈಪ್ ಮಾಡಬೇಕು ಎಂದು ಸರಳವಾಗಿ ಬರೆಯಿರಿ. ಎರಡನೆಯದು, ಇದರ ಕನ್ನಡ ಅನುವಾದಕ್ಕೆ ಸ್ವಯಂಸೇವಕರಾಗಿ. ಅದಕ್ಕೆ ಪ್ರೋಗ್ರಾಮಿಂಗ್ ಬೇಡ, ಒಳ್ಳೆಯ ಕನ್ನಡ ಮತ್ತು ಸ್ವಲ್ಪ ಇಂಗ್ಲಿಷ್ ಸಾಕು.

ಜನರಿಗೆ ಪ್ರಯೋಜನವಾಗುವ ಜ್ಞಾನದ ಪುಣ್ಯವು ಮರಣದ ನಂತರವೂ ತಲುಪುತ್ತಿರುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ನೀವು ಕನ್ನಡಕ್ಕೆ ತಂದ ಒಂದು ಸಾಲನ್ನು ಓದಿ ಯಾವುದೋ ಹಳ್ಳಿಯ ಹುಡುಗಿ ತನ್ನ ಮೊದಲ ಅರ್ಜಿ ಬರೆದರೆ, ಆ ಪುಣ್ಯದಲ್ಲಿ ನಿಮಗೂ ಪಾಲಿದೆ, ಇನ್‌ಶಾ ಅಲ್ಲಾಹ್.