ಕ್ಲಿಪ್ ತೆಗೆದ ಮೇಲೂ ಚಿಕಿತ್ಸೆ ಮುಗಿದಿಲ್ಲ

ನಮ್ಮ ಕಾಲೇಜಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಪ್ರತಿ ತರಗತಿಯಲ್ಲೂ ಒಂದಿಬ್ಬರಾದರೂ ಇದ್ದಾರೆ. ಕ್ಲಿಪ್ ತೆಗೆಸಿಕೊಂಡವರೂ ಇದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಕ್ಲಿಪ್ ತೆಗೆದ ದಿನ ವೈದ್ಯರು ಕೊಟ್ಟ ರಿಟೇನರ್ ಈಗ ಎಲ್ಲಿದೆ ಎಂದು ಕೇಳಿದರೆ ಸಿಗುವ ಉತ್ತರಗಳು ಮೂರು: "ಕಪಾಟಿನಲ್ಲಿದೆ", "ಕಳೆದುಹೋಯಿತು", "ಹಲ್ಲು ಸರಿಯಾಯಿತಲ್ಲ, ಇನ್ನು ಅದು ಯಾಕೆ?" ನನ್ನ ತಕರಾರು ಈ ಮೂರನೆಯ ಉತ್ತರದ ಬಗ್ಗೆ.

ರಿಟೇನರ್ ಎಂಬುದು ಚಿಕಿತ್ಸೆಯ ಕೊನೆಗೆ ಪುಕ್ಕಟೆ ಸಿಗುವ ಪೆಟ್ಟಿಗೆಯಲ್ಲ. ಅದು ಚಿಕಿತ್ಸೆಯ ಇನ್ನರ್ಧ. ಅದನ್ನು ಹಾಕಿಕೊಳ್ಳಲು ಮನಸ್ಸಿಲ್ಲದವರು ಕ್ಲಿಪ್ ಹಾಕಿಸುವ ಮೊದಲೇ ಇನ್ನೊಮ್ಮೆ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ನಮ್ಮ ದವಡೆಯಲ್ಲೇ ಇದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಎಲುಬಿಗೆ ಅಂಟಿಕೊಂಡಿಲ್ಲ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ನಾರುಗಳ ತೆಳುವಾದ ಪದರವಿದೆ. ಕ್ಲಿಪ್‌ನ ತಂತಿ ಹಲ್ಲನ್ನು ಒತ್ತಿದಾಗ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹೀಗೆ ಹಲ್ಲು ನಿಧಾನವಾಗಿ ಸರಿಯುತ್ತದೆ. ಕ್ಲಿಪ್ ತೆಗೆದ ದಿನ ಹಲ್ಲು ಹೊಸ ಜಾಗದಲ್ಲಿರುತ್ತದೆ ನಿಜ, ಆದರೆ ಸುತ್ತಲಿನ ಎಲುಬು, ನಾರುಗಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಬೇರಿನ ಸುತ್ತಲಿನ ನಾರುಗಳಿಗೆ ಮೂರು ನಾಲ್ಕು ತಿಂಗಳು ಬೇಕು. ಒಸಡಿನಲ್ಲಿರುವ, ರಬ್ಬರಿನಂತೆ ಹಿಗ್ಗುವ ನಾರುಗಳಿಗೆ ಒಂದು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ.

ವರ್ಷ ಕಳೆದ ಮೇಲೆ ಬಿಡಬಹುದೇ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1981ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡಿದ್ದ 65 ಮಂದಿಯನ್ನು, ರಿಟೇನರ್ ನಿಲ್ಲಿಸಿ ಹತ್ತು ವರ್ಷವಾದ ಮೇಲೆ ಪರೀಕ್ಷಿಸಿದರು. ಕೆಳಗಿನ ಮುಂಭಾಗದ ಹಲ್ಲುಗಳ ಸಾಲು ಚೆನ್ನಾಗಿ ಉಳಿದಿದ್ದದ್ದು ಶೇಕಡಾ 30ಕ್ಕಿಂತ ಕಡಿಮೆ ಮಂದಿಯಲ್ಲಿ. ಕ್ಲಿಪ್ ಹಾಕಿಸದವರಿಗೂ ವಯಸ್ಸಾಗುತ್ತಾ ಕೆಳಗಿನ ಹಲ್ಲುಗಳು ಒತ್ತೊತ್ತಾಗುತ್ತವೆ. ಆದ್ದರಿಂದಲೇ ಈಗ ಅನೇಕ ವೈದ್ಯರು "ಹಲ್ಲು ನೆಟ್ಟಗಿರಬೇಕು ಎನ್ನುವಷ್ಟು ಕಾಲ ರಾತ್ರಿ ಹಾಕಿಕೊಳ್ಳಿ" ಎನ್ನುತ್ತಾರೆ.

"ಜೀವನಪೂರ್ತಿ ಪ್ಲಾಸ್ಟಿಕ್ ಕಚ್ಚಿಕೊಂಡು ಮಲಗಬೇಕೇ?" ಎಂದು ಗೆಳತಿಯೊಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕನ್ನಡಕ ಹಾಕುವವರು ದಿನವಿಡೀ ಹಾಕುತ್ತಾರೆ, ಅದನ್ನು ಯಾರೂ ಶಿಕ್ಷೆ ಎನ್ನುವುದಿಲ್ಲ. ರಿಟೇನರ್ ಮೊದಲ ಕೆಲವು ತಿಂಗಳು ಊಟದ ಹೊತ್ತು ಬಿಟ್ಟು ಹೆಚ್ಚುಕಡಿಮೆ ದಿನವಿಡೀ, ಆಮೇಲೆ ನಿದ್ದೆಯ ಹೊತ್ತಿಗೆ ಮಾತ್ರ. ಎಷ್ಟು ಕಾಲ ಎಂಬುದನ್ನು ನಮ್ಮ ನಮ್ಮ ವೈದ್ಯರೇ ಹೇಳಬೇಕು. ಕೆಲವರಿಗೆ ಹಲ್ಲಿನ ಒಳಬದಿಗೆ ತೆಳುವಾದ ತಂತಿಯನ್ನೇ ಅಂಟಿಸುತ್ತಾರೆ. ಅದನ್ನು ಹಾಕಲು ಮರೆಯುವ ಪ್ರಶ್ನೆಯಿಲ್ಲ, ಆದರೆ ತಂತಿಯ ಸುತ್ತ ಕಿಟ್ಟ ಕಟ್ಟದಂತೆ ಉಜ್ಜಬೇಕು.

ನಿಜವಾದ ತೊಂದರೆ ಕೆಲವು ಸಣ್ಣ ಅಭ್ಯಾಸಗಳದು. ಕ್ಯಾಂಟೀನಿನಲ್ಲಿ ತಿನ್ನುವಾಗ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ರಿಟೇನರ್ ತಟ್ಟೆಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಡಬ್ಬಿ ಬ್ಯಾಗಿನಲ್ಲೇ ಇರಲಿ. ಬಿಸಿನೀರಿನಲ್ಲಿ ತೊಳೆದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ತಣ್ಣೀರು ಮತ್ತು ಮೆತ್ತನೆಯ ಬ್ರಷ್ ಸಾಕು. ರಂಜಾನ್ ತಿಂಗಳಲ್ಲಿ ನಿದ್ದೆ ಎರಡು ತುಂಡಾಗುವುದರಿಂದ ಅಭ್ಯಾಸ ತಪ್ಪುವುದೇ ಹೆಚ್ಚು. ತರಾವೀಹ್ ಮುಗಿಸಿ ಮಲಗುವಾಗ ಹಾಕಿಕೊಂಡು, ಸಹರಿಗೆ ತೆಗೆದು, ಉಂಡು ಬ್ರಷ್ ಮಾಡಿ ಮತ್ತೆ ಹಾಕಿಕೊಂಡರೆ ಆಯಿತು. ಕೆಲವು ದಿನ ಬಿಟ್ಟು ಹಾಕಿದಾಗ ಬಿಗಿಯೆನಿಸಿದರೆ ಹಲ್ಲು ಸರಿಯತೊಡಗಿದೆ ಎಂದರ್ಥ. ಕೂರದೇ ಹೋದರೆ ಬಲವಂತ ಮಾಡದೆ ವೈದ್ಯರ ಬಳಿ ಹೋಗಬೇಕು.

ದೊಡ್ಡ ಮಾತು ಹಣದ್ದು. ಕ್ಲಿಪ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ನಮ್ಮಲ್ಲಿ ಅನೇಕರ ಮನೆಯಲ್ಲಿ ಅದು ಗಲ್ಫ್‌ನಲ್ಲಿರುವ ಅಣ್ಣ ಕಳಿಸಿದ ಹಣ, ಇಲ್ಲವೇ ಉಮ್ಮ ಚೀಟಿ ಕಟ್ಟಿ ಉಳಿಸಿದ ಹಣ. ಒಂದೂವರೆ ಎರಡು ವರ್ಷ ತಿಂಗಳು ತಿಂಗಳು ಬಸ್ಸು ಹತ್ತಿ ಹೋಗಿ ಗಳಿಸಿದ್ದನ್ನು ನಾಲ್ಕು ತಿಂಗಳ ಉದಾಸೀನಕ್ಕೆ ಕಳೆದುಕೊಳ್ಳುವುದು ನ್ಯಾಯವಲ್ಲ. ಮನೆಯವರು ಮತ್ತೊಮ್ಮೆ ಅಷ್ಟು ಹಣ ಹೊಂದಿಸಲಾರರು.

ಆದರೆ ತಪ್ಪನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹೊರಿಸಲೂ ನಾನು ಒಪ್ಪುವುದಿಲ್ಲ. ರಿಟೇನರ್ ಎಂಬ ಪದವನ್ನೇ ಕೊನೆಯ ದಿನ ಕೇಳಿದವರಿದ್ದಾರೆ. ಎಷ್ಟು ವರ್ಷ ಹಾಕಬೇಕು, ಮುರಿದರೆ ಹೊಸದಕ್ಕೆ ಎಷ್ಟಾಗುತ್ತದೆ ಎಂಬುದನ್ನು ಮೊದಲ ದಿನವೇ, ಕ್ಲಿಪ್‌ನ ದರ ಹೇಳುವಾಗಲೇ ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು. ಕ್ಲಿಪ್ ಹಾಕಿಸಲು ಹೊರಟಿರುವ ತಂಗಿ ತಮ್ಮಂದಿರ ಮನೆಯವರಿಗೂ ಈ ಮಾತು ತಲುಪಿಸೋಣ.

ಸಹಪಾಠಿಗಳಲ್ಲಿ ಒಂದು ಕೋರಿಕೆಯೂ ಇದೆ. ಹೊಸ ರಿಟೇನರ್ ಹಾಕಿದಾಗ ಕೆಲವು ದಿನ 'ಸ', 'ಶ' ಸರಿಯಾಗಿ ಹೊರಡುವುದಿಲ್ಲ. ಆ ದಿನಗಳಲ್ಲಿ ಸೆಮಿನಾರಿಗೆ ನಿಂತವರನ್ನು ಅಣಕಿಸಿದರೆ ಮರುದಿನ ಅವರು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನಮ್ಮ ಒಂದು ನಿಮಿಷದ ನಗು ಇನ್ನೊಂದು ಮನೆಯ ಎರಡು ವರ್ಷದ ಖರ್ಚನ್ನು ಹಾಳು ಮಾಡದಿರಲಿ.