ಜಾರುವ ಬೆಲ್ಟು

ಮೇವು ಕತ್ತರಿಸುವ ಯಂತ್ರ, ಕಳೆ ತೆಗೆಯುವ ಸಣ್ಣ ಯಂತ್ರಗಳು ನಮ್ಮ ಕುಪವಾಡದ ಸುತ್ತಲಿನ ತೋಟಗಳಿಗೆ ಈಗ ಹೊಸವಲ್ಲ. ಆದರೆ ಬೆಲ್ಟು ಜಾರತೊಡಗಿತೆಂದರೆ ನಾವು ಮಾಡುವುದೇನು? ಒಂದಿಷ್ಟು ರಾಳದ ಪುಡಿ ಎರಚುತ್ತೇವೆ; ಇಲ್ಲವೆ ಬೋಲ್ಟು ತಿರುವಿ ಎಳೆದು ಬಿಗಿಯುತ್ತೇವೆ. ಮಿರಜ ತಂಬೂರಿಗೆ ಹೆಸರಾದ ಊರು. ಅಲ್ಲಿ ತಂತಿ ಬಿಗಿಯುವವನಿಗೂ ಒಂದು ಲೆಕ್ಕವಿರುತ್ತದೆ, ನಮಗೆ ಮಾತ್ರ ಇಲ್ಲ!

'ವ್ಹಿ' ಬೆಲ್ಟು ಎಂದರೆ ಒಂದು ಬೆಣೆ. ಅದರ ಓರೆ ಬದಿಗಳು ಪುಲ್ಲಿಯ ತೋಡಿನ ಗೋಡೆಗಳನ್ನು ಒತ್ತಿ ಹಿಡಿಯುತ್ತವೆ. ಎಳೆತ ಬರುವುದು ಅಲ್ಲಿಂದ. ಸವೆದ ಬೆಲ್ಟು ತೋಡಿನ ತಳಕ್ಕೆ ಕೂತರೆ ಬೆಣೆ ಕೆಲಸ ಮಾಡದು. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಎಷ್ಟು ಬಿಗಿದರೂ ವ್ಯರ್ಥ. ಬೇರಿಂಗು ಮಾತ್ರ ಹಾಳಾಗುತ್ತದೆ. ರಾಳ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಧೂಳನ್ನೇ ಕೂಡಿಸುತ್ತದೆ. ಎಣ್ಣೆ ಸೋರುತ್ತಿದೆಯೇ? ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ? ಅವುಗಳ ಮುಖಕ್ಕೆ ಒಂದು ದಾರ ಹಿಡಿದರೆ ತಿಳಿಯುತ್ತದೆ. ಪುಲ್ಲಿಗಳ ನಡುವೆ ಒಂದು ಮೀಟರ್ ಅಂತರವಿದ್ದರೆ, ಮಧ್ಯದಲ್ಲಿ ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 16 ಮಿಲಿಮೀಟರ್ ತಗ್ಗಬೇಕು. ಹೊಸ ಬೆಲ್ಟು ಕೆಲವು ತಾಸು ಓಡಿದ ಮೇಲೆ ಹಿಗ್ಗುತ್ತದೆ, ಮತ್ತೊಮ್ಮೆ ನೋಡಬೇಕು.

ವಿಜ್ಞಾನದ ಪರೀಕ್ಷೆಯಲ್ಲಿ ಬೆಣೆಯ ಪ್ರಶ್ನೆಗೆ ಪೂರ್ಣ ಅಂಕ ಪಡೆದ ಹುಡುಗನಿಗೆ ತನ್ನ ಹಿತ್ತಲಲ್ಲಿ ತಿರುಗುವುದೂ ಬೆಣೆಯೇ ಎಂದು ಗೊತ್ತಿರುವುದಿಲ್ಲ. ಅವನು ಹತ್ತಿರ ಹೋದರೆ, "ನೀ ಓದಕೋ ಹೋಗು, ಮಿಸ್ತ್ರಿ ಬರ್ತಾನ" ಎನ್ನುತ್ತಾರೆ ಮನೆಯವರು. ಈ ಮಾತನ್ನು ನಾನು ಒಪ್ಪಲಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಶಿಕ್ಷಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ನಮ್ಮ ಜಿಲ್ಲೆಯಲ್ಲೇ ಕಿರ್ಲೋಸ್ಕರವಾಡಿ ಕಟ್ಟಿದರು. ಓದಿದವನ ಕೈಗೆ ಎಣ್ಣೆ ಹತ್ತಿದ್ದರಿಂದಲೇ ರೈತನಿಗೆ ಆ ನೇಗಿಲು ಸಿಕ್ಕಿತು.

ಪಾಲಕರ ಅಂಜಿಕೆ ಸುಳ್ಳಲ್ಲ. ನಿಂತ ಯಂತ್ರದ ಬೆಲ್ಟನ್ನು ಕೈಯಿಂದ ಎಳೆದರೂ ಅದರ ಕತ್ತಿ ತಿರುಗುತ್ತದೆ. ಬೆರಳು ಹೋದರೆ ಮತ್ತೆ ಬಾರದು. ಆದ್ದರಿಂದ ಮೊದಲು ವಿದ್ಯುತ್ತಿನ ಸಂಪರ್ಕ ತೆಗೆಯಿರಿ, ಎಂಜಿನ್ ಯಂತ್ರವಾದರೆ ಪ್ಲಗ್ಗಿನ ತಂತಿ ಬಿಚ್ಚಿರಿ, ದೊಡ್ಡವರೊಬ್ಬರು ಪಕ್ಕದಲ್ಲೇ ನಿಲ್ಲಿರಿ. ಚಿಕ್ಕ ಮಕ್ಕಳಿಗೆ ಈ ಕೆಲಸ ಬೇಡ. ಒಂಬತ್ತು, ಹತ್ತನೆಯ ಇಯತ್ತೆಯವರಿಗೆ ಬೇಕು.

ಖಂಡೇನವಮಿಗೆ ಹೇಗೂ ಯಂತ್ರ ನಿಲ್ಲಿಸಿ ಕುಂಕುಮ ಹಚ್ಚುತ್ತೇವೆ. ಈ ಸಲ ಪೂಜೆಗೆ ಮೊದಲು ಮುಚ್ಚಳ ತೆಗೆದು ತೋಡಿನ ತಳ ನೋಡಿರಿ. ದಾರದ ಒಂದು ತುದಿ ಮಗಳ ಕೈಗೆ ಕೊಡಿರಿ.