ಗ್ವಾಡಿಗೆ ಅಷ್ಟ ವಿಮಾ ಮಾಡಿಸಿದ್ರ ಸಾಲಂಗಿಲ್ಲ

ಮನಿ ವಿಮಾ ಅಂತ ಮಾತು ತಗದ್ರ ಸಾಕು, ನಮ್ಮ ಓಣಿಯ ಹೆಣ್ಮಕ್ಕಳು "ಅದೆಲ್ಲಾ ಗಂಡಸರು ನೋಡ್ಕೋತಾರ ಬಿಡ್ರಿ" ಅಂತ ಎದ್ದು ಹೋಗ್ತಾರ. ನಾ ಹೇಳೂದು ಇದಕ್ಕ ಪೂರಾ ಉಲ್ಟಾ. ವಿಮಾದ ಕಾಗದ ಮೊದಲ ಓದಬೇಕಾದಾಕಿ ಮನಿಯ ಹೆಣ್ಮಗಳು. ಮನ್ಯಾಗ ಏನೇನು ಐತಿ, ಯಾವುದು ಎಷ್ಟಕ್ಕ ತಂದದ್ದು, ನೀರು ಹೊಕ್ಕರ ಮೊದಲ ಯಾವುದು ಕೆಡ್ತೈತಿ ಅನ್ನೂದು ಆಕಿಗೆ ಗೊತ್ತಿದ್ದಷ್ಟು ಮತ್ಯಾರಿಗೂ ಗೊತ್ತಿರಂಗಿಲ್ಲ.

ನಮ್ಮದು ಮಲಪ್ರಭಾ ದಂಡಿಯ ಊರು. 2009ರಾಗ ನೀರು ನೋಡೇವಿ, 2019ರ ಆಗಸ್ಟಿನ್ಯಾಗೂ ನೋಡೇವಿ. ಆ ವರ್ಷ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಕೂಡಿ ತುಂಬಿ ಬಂದಿದ್ವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಸುತ್ತುವರಿದಿತ್ತು. ಮ್ಯಾಲ ಘಟ್ಟದೊಳಗ ಮಳಿ ಜೋರಾಗಿ, ನವಿಲುತೀರ್ಥದ ಡ್ಯಾಮ್ ತುಂಬಿ, ಗೇಟ್ ತಗದ್ರಂದ್ರ ನಮ್ಮೂರಾಗ ಬಿಸಲು ಬಿದ್ದಾಗೂ ನೀರು ಬರ್ತೈತಿ. "ಈ ವರ್ಷ ಮಳಿ ಕಡಿಮಿ ಐತಿ, ನಮಗೇನಾಗ್ತೈತಿ" ಅನ್ನೋ ಲೆಕ್ಕ ನದಿ ದಂಡಿಗೆ ಕೂತವ್ರಿಗೆ ಹೊಂದಂಗಿಲ್ಲ.

ಸರಕಾರ ಕೊಡ್ತೈತಲ್ಲ ಅಂತ ಕೇಳ್ತಾರ. ಕೊಡ್ತೈತಿ, ಇಲ್ಲ ಅನ್ನಂಗಿಲ್ಲ. 2019ರಾಗ ತಕ್ಷಣದ ಖರ್ಚಿಗೆ ಅಂತ ಒಂದು ಕುಟುಂಬಕ್ಕ 10,000 ರೂಪಾಯಿ, ಮನಿ ಪೂರಾ ಬಿದ್ದವ್ರಿಗೆ 5 ಲಕ್ಷ ಅಂತ ನಮ್ಮ ರಾಜ್ಯ ಸರಕಾರ ಘೋಷಣಾ ಮಾಡಿತ್ತು. ಆದ್ರ ಪರಿಹಾರ ಅನ್ನೂದು ಆ ಆ ವರ್ಷದ ಆದೇಶದ ಮ್ಯಾಲ ಹೋಗ್ತೈತಿ, ಮನಿ ಎಷ್ಟು ಬಿದ್ದೈತಿ ಅನ್ನೂದನ್ನ ಅವ್ರು ಬಂದು ಬರಕೊಂಡಂಗ ಆಗ್ತೈತಿ. 10,000 ರೂಪಾಯಿಯೊಳಗ ಒಂದು ಫ್ರಿಜ್ ಸೈತ ಬರಂಗಿಲ್ಲ. ವಿಮಾ ಹಂಗಲ್ಲ. ನಾವು ರೊಕ್ಕ ಕಟ್ಟಿ ಮಾಡ್ಕೊಂಡ ಕರಾರು ಅದು, ಕೈ ಚಾಚಿ ಬೇಡೂದಲ್ಲ.

ಈಗ ನಮ್ಮ ಕಾಕಾನ ಮಗಳ ಮನಿ ಕತಿ ಕೇಳ್ರಿ. ಆಕಿನ್ನ ಕೊಟ್ಟದ್ದು ಘಟಪ್ರಭಾ ದಂಡಿಯ ಊರಿಗೆ. ಸಾಲ ಮಾಡಿ ಕಟ್ಟಿಸಿದ ಮನಿ, ಸಾಲ ಕೊಡೂ ಮುಂದ ಬ್ಯಾಂಕಿನವರ ವಿಮಾ ಮಾಡಿಸಿದ್ರು. ಮಾವನವ್ರು "ನಮ್ಮ ಮನಿಗೆ ವಿಮಾ ಐತಿ" ಅಂತ ಧೈರ್ಯದಿಂದ ಇದ್ರು. 2019ರಾಗ ಎದಿಮಟ ನೀರು ಬಂತು. ಗ್ವಾಡಿ ನಿಂತ್ವು, ಒಳಗಿನ ಸಾಮಾನು ಒಂದೂ ಉಳೀಲಿಲ್ಲ. ಫ್ರಿಜ್, ಮಿಕ್ಸರ್, ಹೊಲಿಗಿ ಮಷೀನು, ಗಾದಿ, ತಿಜೋರಿಯೊಳಗಿನ ಸೀರಿ, ಎಲ್ಲಾ ರಾಡಿ. ಕಾಗದ ತಗದು ನೋಡಿದ್ರ ವಿಮಾ ಇದ್ದದ್ದು ಕಟ್ಟಡಕ್ಕಷ್ಟ. ಬ್ಯಾಂಕಿಗೆ ಬೇಕಾದದ್ದು ಅದರ ಸಾಲಕ್ಕ ಭದ್ರತಿ. ಅದಕ್ಕ ಗ್ವಾಡಿ ಸಾಕು, ಆಕಿಗೆ ಸಂಸಾರ ಬೇಕಾಗಿತ್ತು. ಕಾಗದದೊಳಗ ಸುಳ್ಳು ಬರದಿರಲಿಲ್ಲ. ಅದನ್ನ ಓದಿ "ಒಳಗಿನ ಸಾಮಾನಿಗೆ ಏನು?" ಅಂತ ಕೇಳಾಕ ಆಕಿನ್ನ ಯಾರೂ ಕರೀಲಿಲ್ಲ.

ಅದಾದ ಮ್ಯಾಲ ಒಂದು ಒಳ್ಳೇದಾತು. 2021ರ ಏಪ್ರಿಲ್ 1ರಿಂದ ವಿಮಾ ಪ್ರಾಧಿಕಾರದವ್ರು 'ಭಾರತ್ ಗೃಹ ರಕ್ಷಾ' ಅನ್ನೋ ಒಂದ ನಮೂನಿ ಪಾಲಿಸಿ ತಂದ್ರು. ಯಾವ ಕಂಪನಿ ಕಡೆ ಹೋದ್ರೂ ಮೂಲ ಷರತ್ತು ಅವ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಗುಡ್ಡ ಕುಸಿಯೂದು ಇವುಗಳ ಜೋಡಿ ನೆರೆ ನೀರೂ ಅದರಾಗ ಸೇರೈತಿ. ನೆರೆಗೆ ಅಂತ ಬ್ಯಾರೆ ಪಾಲಿಸಿ ಹುಡುಕೂದು ಬ್ಯಾಡ. ನೀರು ಬಂತಂತ ಮನಿ ಬಿಟ್ಟು ಹೋದಾಗ 7 ದಿನದೊಳಗ ಕಳವಾದ್ರ ಅದೂ ಬರ್ತೈತಿ. ಮನಿ ಇರಾಕ ಆಗದಂಗ ಆಗಿದ್ರ ಬ್ಯಾರೆ ಕಡೆ ಬಾಡಿಗಿ ಹಿಡಿಯೋ ಖರ್ಚಿಗೂ ಅದರಾಗ ಜಾಗಾ ಐತಿ. ಬಾಡಿಗಿ ಮನ್ಯಾಗ ಇದ್ದವ್ರು ಬರೇ ಸಾಮಾನಿಗಷ್ಟ ಮಾಡಿಸಬಹುದು.

ಖರ್ಚಿನ ಮಾತು. ಭಾಳ ಮಂದಿ ಜಾಗಾದ ರೇಟು ಹಿಡಿದು "ನಮ್ಮ ಮನಿ 40 ಲಕ್ಷದ್ದು, ಅಷ್ಟಕ್ಕ ವಿಮಾ ಅಂದ್ರ ಎಷ್ಟಾದೀತು" ಅಂತ ಅಂಜತಾರ. ಜಾಗಾ ನೀರಾಗ ಹರಕೊಂಡು ಹೋಗಂಗಿಲ್ಲಲ್ರಿ? ವಿಮಾ ಲೆಕ್ಕ ಹಿಡಿಯೂದು ಮತ್ತ ಕಟ್ಟಾಕ ಏನು ಬೀಳ್ತೈತಿ ಅನ್ನೂದರ ಮ್ಯಾಲ. 800 ಚದರಡಿ ಮನಿ, ಚದರಡಿಗೆ 1,500 ರೂಪಾಯಿ ಅಂದ್ರ 12 ಲಕ್ಷ. ನಮ್ಮನಿಯ ಲೆಕ್ಕ ಇಷ್ಟ. ಅದಕ್ಕ ನಾವು ವರ್ಷಕ್ಕ ಕಟ್ಟೂದು ತೆರಿಗಿ ಸೇರಿ ಒಂದು ಸಾವಿರ ರೂಪಾಯಿಯೊಳಗ, ಒಂದು ಗ್ಯಾಸ್ ಸಿಲಿಂಡರಿನ ಆಸುಪಾಸು. ವರ್ಷಕ್ಕೊಮ್ಮೆ ನೆನಪಿಡೂದು ತ್ರಾಸು ಅನ್ನವ್ರು ಒಮ್ಮೆಲೆ 10 ವರ್ಷದ ತನಕಾನೂ ಮಾಡಿಸಬಹುದು.

ಇನ್ನ ಸಾಮಾನು. ಈ ಪಾಲಿಸಿಯೊಳಗ ಕಟ್ಟಡದ ಮೊತ್ತದ 20%ರಷ್ಟು, 10 ಲಕ್ಷದ ಮಿತಿಯೊಳಗ, ಮನಿ ಸಾಮಾನಿಗೆ ತಾನ ಸಿಗ್ತೈತಿ. 12 ಲಕ್ಷದ ಮನಿಗೆ 2 ಲಕ್ಷ 40 ಸಾವಿರ ಆತು. ಅಷ್ಟು ಸಾಕೋ ಸಾಲದೋ ಅನ್ನೂದನ್ನ ಯಾರು ಹೇಳಬೇಕು? ನೀವ. ಒಂದು ನೋಟ್‌ಬುಕ್ ತಗೊಂಡು ಖೋಲಿ ಖೋಲಿ ತಿರುಗಾಡಿ ಬರೀರಿ: ಫ್ರಿಜ್, ಟಿವಿ, ವಾಷಿಂಗ್ ಮಷೀನು, ಮಂಚ, ಗಾದಿ, ಭಾಂಡೆ, ಅರಿವಿ. ಇವತ್ತು ಹೊಸಾದು ತರಾಕ ಏನು ಬೀಳ್ತೈತೋ ಅದನ್ನ ಹಿಡೀರಿ. ಕೂಡಿಸಿದ ಮ್ಯಾಲ ಹೆಚ್ಚಿಗಿ ಬಂದ್ರ ಪಟ್ಟಿ ಕೊಟ್ಟು, ಸ್ವಲ್ಪ ರೊಕ್ಕ ಹೆಚ್ಚಿಗಿ ಕಟ್ಟಿ ಮೊತ್ತ ಏರಿಸಬಹುದು.

ಬರಲಾರದ್ದೂ ಗೊತ್ತಿರಬೇಕು. ರೊಕ್ಕದ ನೋಟು, ಹೊಲದ ಕಾಗದಪತ್ರ ಇದರಾಗ ಬರಂಗಿಲ್ಲ. ಅವನ್ನ ಮೊದಲ ಎತ್ತಿ ಅಟ್ಟದ ಮ್ಯಾಲ ಇಡ್ರಿ. ಬಂಗಾರದ ಸಾಮಾನಿಗೆ ಬ್ಯಾರೆ ಹೇಳಿ, ಬೆಲಿ ಬರೆಸಿ ಸೇರಿಸಬೇಕು. ಅಂಗಳದಾಗಿನ ಬೈಕು, ಕಾರಿಗೆ ಗಾಡಿ ವಿಮಾನ ಬೇಕು, ಅದೂ ಬರೇ ಥರ್ಡ್ ಪಾರ್ಟಿ ಆದ್ರ ನೆರೆಗೆ ಕೊಡಂಗಿಲ್ಲ. ಮುಂದಿನ ಖೋಲ್ಯಾಗ ಕಿರಾಣಿ ಅಂಗಡಿ ಇದ್ರ ಆ ಮಾಲಿಗೆ ವ್ಯಾಪಾರದ ಪಾಲಿಸಿ ಬ್ಯಾರೆ. ವರ್ಷಾನುಗಟ್ಟಲೆ ತಂಪು ಹಿಡಿದು ಉದುರೋ ಗ್ವಾಡಿ ನೆರೆಯ ಲೆಕ್ಕದಾಗ ಬರಂಗಿಲ್ಲ. ಮಣ್ಣಿನ ಗ್ವಾಡಿ ಇದ್ರ ಮಣ್ಣಿನದು ಅಂತನ ಅರ್ಜಿಯೊಳಗ ಬರೆಸ್ರಿ, ಮುಚ್ಚಿಟ್ಟದ್ದು ಪರಿಹಾರ ಕೇಳೂ ಮುಂದ ಕಾಡ್ತೈತಿ.

ನೀರು ಇಳಿದ ಮ್ಯಾಲ ನಮ್ಮ ಹೆಣ್ಮಕ್ಕಳ ಕೈ ಸುಮ್ಮನ ಕೂಡಂಗಿಲ್ಲ, ಬಂದ ತಕ್ಷಣ ರಾಡಿ ಬಳದು ಕೆಟ್ಟದ್ದನ್ನೆಲ್ಲಾ ತಿಪ್ಪಿಗೆ ಹಾಕ್ತಾರ. ಸ್ವಲ್ಪ ತಡೀರಿ. ಮೊದಲ ಕಂಪನಿಗೆ ಸುದ್ದಿ ಮುಟ್ಟಸ್ರಿ. ಗ್ವಾಡಿ ಮ್ಯಾಲಿನ ನೀರಿನ ಗುರುತು, ಒಂದೊಂದು ಸಾಮಾನು ಮೊಬೈಲಿನ್ಯಾಗ ಫೋಟೋ ಹೊಡೀರಿ. ಸರ್ವೇಯರ್ ಬಂದು ನೋಡೂ ತನಕ ಸಾಮಾನು ಒಂದು ಕಡೆ ಒಟ್ಟಿ ಇಡ್ರಿ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಆದ್ರೂ ಸರಿಯಾದ ಉತ್ತರ ಬರದಿದ್ರ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೀಬಹುದು. ಅದಕ್ಕ ಫೀ ಇಲ್ಲ, ವಕೀಲರೂ ಬೇಕಿಲ್ಲ.

"ನೀರು ಬರದಿದ್ರ ಕಟ್ಟಿದ್ದು ದಂಡ ಆಗ್ತೈತಲ್ಲ ವೈನಿ" ಅಂತ ಬಾಜೂ ಮನಿಯಾಕಿ ಕೇಳ್ತಾಳ. ಕಳ್ಳ ಬರಲಿಲ್ಲಂತ ಬಾಗಲದ ಕೀಲಿ ದಂಡ ಅಂತೀವೇನು? ನೀರು ಬರದಿದ್ದದ್ದ ನಮ್ಮ ಲಾಭ. ಆದ್ರ ಒಂದು ಮಾತು, ಡ್ಯಾಮಿನ ಗೇಟ್ ತಗದ ಸುದ್ದಿ ಕೇಳಿ ವಿಮಾ ಕಚೇರಿಗೆ ಓಡಿದ್ರ ಏನೂ ಉಪಯೋಗ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಮಾಡೂದು ಬ್ಯಾಸಗಿಯೊಳಗ, ಮಳಿಗಾಲದ ಚಿಂತಿ ಮುಂಚೇನ ಮಾಡ್ಬೇಕಂತ. ಆ ಹಪ್ಪಳ ಒಣಗೂದರೊಳಗ ಈ ಕಾಗದದ ಕೆಲಸಾನೂ ಮುಗಿಸ್ರಿ. ಯಜಮಾನ್ರು ಸಹಿ ಮಾಡ್ಲಿ, ಆದ್ರ ಪಟ್ಟಿ ನಿಮ್ಮ ಕೈಲೆ ಆಗಲಿ.